ಮರ ಮುಗಿದ ಮೇಲೆ
(ಬಾನುಲಿ ಭಾಷಣ)

ಹುಬ್ಬಳ್ಳಿ-ಧಾರವಾಡದವರಿಗೆ ಗುಡ್ಡ ಹೊಸದಲ್ಲ. ಆದರೆ ನಮ್ಮ ಗುಡ್ಡಗಳು ಮನುಷ್ಯನ ಮೇಲೆ ಬಹಳ ದಯೆ ಇಟ್ಟಂಥವು. ಹುಬ್ಬಳ್ಳಿಯವರು ನಸುಕಿನಲ್ಲೆದ್ದು ನೃಪತುಂಗ ಬೆಟ್ಟ ಹತ್ತಿ ಇಳಿದು, ಎಂಟು ಗಂಟೆಗೆ ಮನೆಯಲ್ಲಿ ಚಹಾ ಕುಡಿಯುತ್ತಾರೆ. ಧಾರವಾಡದಲ್ಲಿ ಉಳವಿ ಬಸಪ್ಪನ ಗುಡ್ಡಕ್ಕೆ ಸಂಜೆ ಹೊರಟರೆ ಒಂದು ಹರಟೆ ಮುಗಿಯುವುದರೊಳಗೆ ಗುಡ್ಡವೂ ಮುಗಿದಿರುತ್ತದೆ. ಇಂಥ ಗುಡ್ಡ ಹತ್ತಿದ ಧೈರ್ಯದ ಮೇಲೆ, ಸಾಲಿ ಮಾಸ್ತರಿಕೆಯಿಂದ ನಿವೃತ್ತನಾದ ಮರುವರ್ಷ, ನಾನು ಕುದುರೆಮುಖದ ಶಿಖರ ಹತ್ತಲು ಹೊರಟೆ. ನಮ್ಮ ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಕುದುರೆಮುಖದ ತುದಿ ಸುಮಾರು 1890 ಮೀಟರ್. ಹೋಗಿ ಬರುವುದು ಸೇರಿ ಇಪ್ಪತ್ತು ಕಿಲೋಮೀಟರಿನ ಕಾಲುದಾರಿ. ರಾತ್ರಿ ಗುಡ್ಡದ ಮೇಲೆ ಉಳಿಯುವಂತಿಲ್ಲ. ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿದುಬಿಡಬೇಕು.

ಜೊತೆಗೆ ಇಬ್ಬರಿದ್ದರು. ಒಬ್ಬ ನಮ್ಮ ಅಕ್ಕನ ಮಗ. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕೆಲಸ, ರಜೆ ಸಿಕ್ಕರೆ ಹಿಮಾಲಯ. ಇನ್ನೊಬ್ಬ ನನ್ನ ಕೂಡ ಸಾಲಿ ಕಲಿತ ಗೆಳೆಯ, ನವಲಗುಂದದ ಕಡೆಯ ಒಕ್ಕಲಿಗ. ಹಿಂಗಾರಿ ಜೋಳ ಬಿತ್ತಿ, ಕೂರಿಗಿ ಎತ್ತಿಟ್ಟು, ಹೆಗಲ ಮೇಲೊಂದು ವಲ್ಲಿ ಹಾಕಿಕೊಂಡು ಬಂದಿದ್ದ. ಮೊದಲು ಕಳಸಕ್ಕೆ ಹೋಗಬೇಕು ಎಂದು ನಾನು ಹೇಳಿದ್ದೇ ತಡ, ಅವನ ಕಿವಿ ನೆಟ್ಟಗಾದವು.

"ಕಳಸಾಕ್ಕ? ಹಂಗಾರ ಬಂಡೂರಿನೂ ನೋಡ್ಕೊಂಡು ಬರೂಣಲ್ಲ ಮಾಸ್ತರ!"

ನವಲಗುಂದದವನಿಗೆ ಕಳಸಾ, ಬಂಡೂರಿ ಎಂದರೆ ಖಾನಾಪುರ ತಾಲೂಕಿನ ಹಳ್ಳಗಳು. ಅವುಗಳ ನೀರು ಮಲಪ್ರಭೆಗೆ ಬರಲಿ ಎಂದು ಅವನೂ ಬಿಸಿಲಲ್ಲಿ ಕೂತು ಘೋಷಣೆ ಕೂಗಿದವನು. ಇದು ಬೇರೆ ಕಳಸ, ಚಿಕ್ಕಮಗಳೂರು ಜಿಲ್ಲೆಯದು, ಭದ್ರಾ ನದಿಯ ದಂಡೆಯದು ಎಂದು ತಿಳಿಸಿ ಹೇಳಿದೆ. "ಒಟ್ಟಿನ ಮ್ಯಾಲ ನೀರಿನ ಊರು ಹೌದಲ್ಲೋ? ಹಂಗಾರ ಬರ್ತೇನಿ" ಅಂದ. ಆ ಮಾತು ಎಷ್ಟು ನಿಜವೆಂದು ನನಗೆ ಆಮೇಲೆ ಗೊತ್ತಾಯಿತು.

ಧಾರವಾಡದಿಂದ ಕಳಸಕ್ಕೆ ನಾವು ಹಿಡಿದ ದಾರಿಯಲ್ಲಿ ಒಂದು ವಿಶೇಷವಿದೆ. ಹರಿಹರದಲ್ಲಿ ಸೇತುವೆ ದಾಟುವಾಗ ಕೆಳಗೆ ಹರಿಯುವುದು ತುಂಗಭದ್ರೆ. ಹೊನ್ನಾಳಿಯಲ್ಲಿ ಮತ್ತೆ ಅದೇ ತುಂಗಭದ್ರೆ. ಶಿವಮೊಗ್ಗಕ್ಕೆ ಬಂದರೆ ಅರ್ಧ ಹೆಸರು ಕಳಚಿ ಬರೀ ತುಂಗೆ. ಅಲ್ಲೇ ಸಮೀಪದ ಕೂಡ್ಲಿಯಲ್ಲಿ ಎರಡು ಹೊಳೆಗಳ ಸಂಗಮ. ತೀರ್ಥಹಳ್ಳಿಯಲ್ಲೂ ತುಂಗೆ. ಕೊಪ್ಪ ದಾಟಿ ಬಾಳೆಹೊನ್ನೂರಿಗೆ ಹೋದರೆ ಭದ್ರೆ, ಕಳಸದಲ್ಲೂ ಭದ್ರೆ. ಅಂದರೆ ನಾವು ದಿನವಿಡೀ ಹೊಳೆಯ ಎದುರು ದಿಕ್ಕಿಗೆ, ಅದರ ತವರಿನತ್ತ ಹೋಗುತ್ತಿದ್ದೆವು. ಗದಗ-ಬೆಟಗೇರಿಯ ನಲ್ಲಿಯಲ್ಲಿ ಬರುವ ನೀರಿನ ತವರು ಅದು. 1997ರವರೆಗೆ ಗದಗೂ ಹಾವೇರಿಯೂ ನಮ್ಮ ಧಾರವಾಡ ಜಿಲ್ಲೆಯೇ ಆಗಿದ್ದವಲ್ಲ. ಆ ಲೆಕ್ಕದಲ್ಲಿ ನಾವು ಹೊರಟದ್ದು ನೆಂಟರ ಮನೆಗೇ.

ಹರಿಹರಕ್ಕೂ ಮೊದಲು ರಾಣೆಬೆನ್ನೂರು ಬಂತು. ಗೆಳೆಯ ಕಿಟಕಿಯಿಂದ ಹೊರಗೆ ನೋಡುತ್ತ, ತನ್ನ ಅಪ್ಪ ಸಣ್ಣವನಿದ್ದಾಗ ಈ ಸೀಮೆಯಲ್ಲಿ ಎರೆಭೂತ ನೋಡಿದ್ದನಂತೆ ಎಂದ. ಎರೆಭೂತ ಎಂದರೆ ದೆವ್ವವಲ್ಲ, ಹಕ್ಕಿ. ಪುಸ್ತಕದವರು ಹೆಬ್ಬಕ ಎನ್ನುತ್ತಾರೆ. ಗಿಡ್ಡ ಹುಲ್ಲಿನ ಬಯಲಿನಲ್ಲಿ ಗಂಭೀರವಾಗಿ ಹೆಜ್ಜೆ ಹಾಕುವ, ಮರವನ್ನು ಬಯಸದ ದೊಡ್ಡ ಹಕ್ಕಿ. ರಾಣೆಬೆನ್ನೂರಿನ ಹುಲ್ಲುಗಾವಲು 1974ರಲ್ಲಿ ಕೃಷ್ಣಮೃಗಗಳ ಅಭಯಾರಣ್ಯವಾಯಿತು. ಆದರೆ ಬೋಳು ನೆಲ ಹಸಿರಾಗಲಿ ಎಂದು ಅಲ್ಲಿ ಸಾಲುಸಾಲಾಗಿ ನೀಲಗಿರಿ ಮರ ನೆಟ್ಟಿದ್ದರು. ಮರ ಬೆಳೆದವು, ಹುಲ್ಲು ಸೊರಗಿತು, ಎರೆಭೂತ ಕಾಣದಾಯಿತು. "ಮರ ಹಚ್ಚಿದ್ದು ತಪ್ಪೇನೋ ಮಾಸ್ತರ?" ಎಂದು ಅವನು ಕೇಳಿದ. ಮೂವತ್ತು ವರ್ಷ ಸಾಲಿಯಲ್ಲಿ ವನಮಹೋತ್ಸವ ಮಾಡಿಸಿದ ಬಾಯಿ ನನ್ನದು. ಆಗ ಉತ್ತರ ಹೊಳೆಯಲಿಲ್ಲ.

ಕಳಸದ ಬಳಿ ರಾತ್ರಿ ತಂಗಿದೆವು. ಮರುದಿನ ಬೆಳಿಗ್ಗೆ ಸಂಸೆ ಕಡೆಯಿಂದ ಜೀಪು ಹಿಡಿದು ಮುಳ್ಳೋಡಿಗೆ. ಆ ಆರೇಳು ಕಿಲೋಮೀಟರ್ ರಸ್ತೆಯಲ್ಲಿ ಮೈಯ ಎಲುಬು ಎಷ್ಟೆಂದು ಲೆಕ್ಕ ಹಾಕಬಹುದು, ಒಂದೊಂದೂ ಬೇರೆಬೇರೆ ಸದ್ದು ಮಾಡುತ್ತದೆ. ಕಾಲುದಾರಿ ಸುರುವಾಗುವ ಮುಳ್ಳೋಡಿಯಲ್ಲಿ ಅನುಮತಿ ಚೀಟಿ ತೋರಿಸಬೇಕು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಬುಡದಲ್ಲಿ ಸಾವಿರಾರು ಜನ ಒಮ್ಮೆಗೇ ನೆರೆದ ಚಿತ್ರ ನೀವು ನೋಡಿರಬಹುದು, ಪಡಿತರದ ಅಂಗಡಿ ಮುಂದಿನ ಸಾಲಿನ ಹಾಗೆ. ಆಮೇಲೆ ಅರಣ್ಯ ಇಲಾಖೆ ಇಂಥ ದಾರಿಗಳಿಗೆ ದಿನಕ್ಕೆ ಇಂತಿಷ್ಟೇ ಜನ, ಆನ್‌ಲೈನಿನಲ್ಲಿ ಮೊದಲೇ ಹೆಸರು ಬರೆಸಬೇಕು ಎಂದು ಕಟ್ಟುಮಾಡಿತು. ಹೆಸರು ಬರೆಸದೆ ಹೋದರೆ ಮುಳ್ಳೋಡಿಯಿಂದಲೇ ಮರಳಬೇಕಾಗುತ್ತದೆ. ಇದನ್ನು ಹೊರಡುವವರು ಗುರುತಿಟ್ಟುಕೊಳ್ಳಿ.

ನಮಗೆ ದಾರಿ ತೋರಿಸಲು ಬಂದವನು ಅದೇ ಸೀಮೆಯ ಹುಡುಗ. ನನ್ನ ಚೀಲ ಎತ್ತಿ ನೋಡಿ, "ಇದರಲ್ಲಿ ಕಲ್ಲುಂಟಾ ಮಾರಾಯ್ರೆ?" ಎಂದ. ಕಲ್ಲಲ್ಲ, ಕಡಕ್ ರೊಟ್ಟಿ. ಮನೆಯವರು ಇಪ್ಪತ್ತು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕೆಂಪುಖಾರ, ನಾಲ್ಕು ಉಳ್ಳಾಗಡ್ಡಿ ಕಟ್ಟಿದ್ದರು. ಅಳಿಯನ ಚೀಲದಲ್ಲಿ ಬಣ್ಣದ ಕಾಗದದ ಚಾಕಲೇಟು. ಮಧ್ಯಾಹ್ನ ಯಾರ ಬುತ್ತಿಗೆ ಯಾರು ಕೈಹಾಕಿದರೆಂದು ನಾನು ಹೇಳಬೇಕಾಗಿಲ್ಲ.

ಮೊದಲ ಒಂದು ತಾಸಿನ ದಾರಿಯಲ್ಲಿ ಕಾಡಿನ ಅಂಚು, ಬಯಲು, ಮತ್ತೆ ಕಾಡು ಹೀಗೆ ಸರದಿ. ಮಳೆಗಾಲ ಮುಗಿದು ಅಕ್ಟೋಬರ್ ಹೊಕ್ಕಿದ್ದರೂ ನೆಲ ಇನ್ನೂ ನೀರು ಬಿಡುತ್ತಿತ್ತು. ನಮ್ಮ ಧಾರವಾಡದಲ್ಲಿ ವರ್ಷಕ್ಕೆ 800 ಮಿಲಿಮೀಟರ್ ಆಸುಪಾಸು ಮಳೆಯಾದರೆ ಕುದುರೆಮುಖದಲ್ಲಿ 6000 ದಾಟುತ್ತದೆ. ದಾರಿಗೆ ಅಡ್ಡವಾಗಿ ಹಳ್ಳದ ಮೇಲೆ ಹಳ್ಳ. ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ದಾಟಬೇಕು. ಹಸಿರು ಪಾಚಿ ಹತ್ತಿದ ಕಲ್ಲನ್ನು ನಂಬಬಾರದು. ನಾನು ನಂಬಿದೆ. ಮೊಣಕಾಲಿನವರೆಗೆ ನೀರಿಗಿಳಿದೆ. "ಈಗ ಚಾರಣ ಸುರು ಆತು ನೋಡು ಮಾಮಾ" ಎಂದು ಅಳಿಯ ನಕ್ಕ.

ಕಾಡಿನ ನೆರಳಲ್ಲಿ ಎಲೆಗಳ ಮೇಲೆ ಸಣ್ಣ ದಾರದ ತುಂಡುಗಳು ಬೆರಳು ಎತ್ತಿದ ಹಾಗೆ ನಿಂತು ಅಲುಗುತ್ತಿದ್ದವು. ಇಂಬಳ. ನಮ್ಮ ಕೆರೆಗಳ ಜಿಗಣೆಗೆ ನೆಲದ ಮೇಲಿನ ತಂಗಿ. ಅದು ಕಚ್ಚಿದ್ದು ಗೊತ್ತಾಗುವುದಿಲ್ಲ, ಬಿಟ್ಟ ಮೇಲೆ ನೆತ್ತರು ಬೇಗ ನಿಲ್ಲುವುದಿಲ್ಲ. ನೆತ್ತರು ಹೆಪ್ಪುಗಟ್ಟದಂತೆ ತಡೆಯುವ ರಸವನ್ನು ಅದು ಗಾಯಕ್ಕೆ ಬಿಟ್ಟಿರುತ್ತದೆ. ಅಳಿಯ ತಂದಿದ್ದ ದುಬಾರಿ ಕಾಲುಚೀಲವನ್ನೂ ಇಂಬಳ ದಾಟಿದವು. ಗೆಳೆಯ ಮಾತ್ರ ಕಿಸೆಯಿಂದ ತಂಬಾಕಿನ ಚೀಲ ತೆಗೆದು, ಸುಣ್ಣದ ಜೊತೆ ಅಂಗೈಯಲ್ಲಿ ತಿಕ್ಕಿ, ನೀರು ಬೆರೆಸಿ ಕಣಕಾಲಿಗೆ ಸವರಿಕೊಂಡ. ಹುಡುಗ ಮೆಚ್ಚಿಕೊಂಡ: "ನಮ್ಮ ಅಜ್ಜಂದಿರೂ ಅದನ್ನೇ ಮಾಡುದು." ನವಲಗುಂದದ ಚಟ ಮಲೆನಾಡಿನಲ್ಲಿ ಮದ್ದಾಯಿತು.

ಆ ಕಾಡನ್ನು ಸ್ವಲ್ಪ ನಿಂತು ನೋಡಬೇಕು. ಗುಡ್ಡದ ಮಡಿಕೆಗಳಲ್ಲಿ, ನೀರು ಇಳಿಯುವ ಕೊರಕಲುಗಳಲ್ಲಿ ಮಾತ್ರ ಇಂಥ ಕಾಡು ಬೆಳೆಯುತ್ತದೆ. ಇದಕ್ಕೆ ಶೋಲಾ ಎನ್ನುತ್ತಾರೆ, ತಮಿಳಿನ ಚೋಲೈ ಎಂಬ ಮಾತಿನಿಂದ ಬಂದ ಹೆಸರು. ಕೆಳಗಿನ ಕಾಡಿನ ಮರಗಳಂತೆ ಇವು ಮುಗಿಲು ಮುಟ್ಟುವುದಿಲ್ಲ. ಗಾಳಿಗೆ ಬಾಗಿ, ಗಂಟುಗಂಟಾಗಿ, ಒಂದಕ್ಕೊಂದು ಹೆಗಲು ಕೊಟ್ಟು ಗಿಡ್ಡಗೆ ನಿಂತಿರುತ್ತವೆ. ಕೊಂಬೆಗಳ ಮೈತುಂಬ ಪಾಚಿ, ಸೀತಾಳೆದಂಡೆ, ಬೂದುಬಣ್ಣದ ಚಿಪ್ಪುಚಿಪ್ಪಾದ ಹೊದಿಕೆ. ಆ ಹೊದಿಕೆಯನ್ನು ಎಲ್ಲೋ ನೋಡಿದ್ದೇನಲ್ಲ ಎನಿಸಿತು. ನೋಡಿದ್ದು ಮನೆಯ ಮಸಾಲಿ ಡಬ್ಬಿಯಲ್ಲಿ. ಹುಬ್ಬಳ್ಳಿಯ ಕಿರಾಣಿ ಅಂಗಡಿಯಲ್ಲಿ ದಾಲ್ಚಿನ್ನಿ, ಮೊಗ್ಗಿನ ಜೊತೆ ತೂಗಿ ಕೊಡುವ ಕಲ್ಲುಹೂವಿನ ಬಳಗವದು. ಅದು ಹೂವಲ್ಲ, ಶಿಲೀಂಧ್ರವೂ ಪಾಚಿಯೂ ಒಂದೇ ಮೈಯಾಗಿ ಸಂಸಾರ ಮಾಡುವ ಜೀವಿ. ಒಂದು ಮನೆ ಕಟ್ಟುತ್ತದೆ, ಇನ್ನೊಂದು ಅನ್ನ ಮಾಡುತ್ತದೆ.

ಅಳಿಯ ಅಲ್ಲಿ ಒಂದು ಮಾತು ಹೇಳಿದ. ಹಿಮಾಲಯದಲ್ಲಿ ಮೂರೂವರೆ ಸಾವಿರ, ನಾಲ್ಕು ಸಾವಿರ ಮೀಟರಿನ ಹೊತ್ತಿಗೆ ದೇವದಾರು, ಭೂರ್ಜ ಎಲ್ಲ ಮುಗಿದುಹೋಗುತ್ತವೆ. ಅಲ್ಲಿಂದ ಮೇಲೆ ಹುಲ್ಲು, ಪುಟ್ಟ ಹೂವು, ಕಲ್ಲಿಗಂಟಿದ ಈ ಕಲ್ಲುಹೂವಿನ ಬಳಗ, ಆಮೇಲೆ ಹಿಮ. ಗಢವಾಲಿನವರು ಆ ಹುಲ್ಲುಗಾವಲನ್ನು ಬುಗ್ಯಾಲ್ ಎನ್ನುತ್ತಾರೆ. ಭೂಗೋಳದ ಪಾಠದಲ್ಲಿ ನಾನು ಮಕ್ಕಳಿಗೆ ತುಂಡ್ರಾ ಎಂದು ಹೇಳಿಕೊಟ್ಟಿದ್ದು ಇದರ ಅಣ್ಣನನ್ನೇ. ಉತ್ತರ ಧ್ರುವದ ಕಡೆ, ಹಿಮಸಾರಂಗ ಮೇಯಿಸುವ ಸಾಮಿ ಜನರ ಮಾತಿನಿಂದ ಬಂದ ಪದವದು. ಮರವಿಲ್ಲದ ಎತ್ತರದ ನೆಲ ಎಂದು ಅರ್ಥ. ಅಲ್ಲಿ ಹಿಮಸಾರಂಗಗಳಿಗೆ ಚಳಿಗಾಲದ ಮೇವು ಕೂಡ ಕಲ್ಲುಹೂವಿನ ಬಳಗವೇ. ಮೂವತ್ತು ವರ್ಷ ಪಾಠ ಮಾಡಿದ್ದೆ. ಅದನ್ನೇ ಮನೆಯಲ್ಲಿ ಪಲ್ಯಕ್ಕೆ ಹಾಕುತ್ತೇವೆಂದು ಹೊಳೆದಿರಲಿಲ್ಲ.

ಹೀಗೆ ಮಾತಾಡುತ್ತ ಕಾಡಿನ ಕೊನೆಯ ಸಾಲು ದಾಟಿದೆವು. ಏಕಾಏಕಿ ಮರ ಮುಗಿದವು.

ಬಾಗಿಲು ತೆಗೆದ ಹಾಗಾಯಿತು. ಮುಂದೆ, ಹಿಂದೆ, ಎರಡೂ ಮಗ್ಗುಲಿಗೆ ಬರೀ ಹುಲ್ಲಿನ ಗುಡ್ಡ. ಗಾಳಿ ಬೀಸಿದರೆ ಇಡೀ ಗುಡ್ಡವೇ ಮೈ ಹೊರಳಿಸಿದಂತೆ ಕಾಣುತ್ತಿತ್ತು. ಹುಲ್ಲು ಆಗತಾನೆ ತೆನೆ ಕಟ್ಟಿತ್ತು. ಒಂದು ಕಡೆ ಹಸಿರು, ಒಂದು ಕಡೆ ಕಂದುಗೆಂಪು. ಮಲೆನಾಡಿನವರು ಕರಡ ಎನ್ನುವ ಹುಲ್ಲು. ಮೋಡ ನಮ್ಮ ಕಾಲಡಿಯ ಕಣಿವೆಯಿಂದ ಎದ್ದು, ಹುಲ್ಲನ್ನು ತೋಯಿಸಿ, ಮೇಲೆ ಹೋಗುತ್ತಿತ್ತು. ಅಳಿಯ ಫೋಟೊ ತೆಗೆಯುವುದರಲ್ಲಿ ಮುಳುಗಿದ. ನಾನು ಏದುಸಿರು ಬಿಡುತ್ತ ಕೂತೆ. ಗೆಳೆಯ ಮಾತ್ರ ದಾರಿ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಒಂದು ತೆನೆಯನ್ನು ಬೆರಳಿನ ನಡುವೆ ಹಿಡಿದು, ತನ್ನ ಹೊಲದಲ್ಲಿ ಬೆಳೆ ನೋಡಿದಂತೆ ನೋಡತೊಡಗಿದ.

"ಮಾಸ್ತರ, ಇಲ್ಲಿ ಬಾ. ಇದು ನಮ್ಮ ಜ್ವಾಳದ ಪೈಕಿ ಆಗಬೇಕು."

"ಹುಲ್ಲಿಗೂ ಜೋಳಕ್ಕೂ ಏನೋ ಸಂಬಂಧ?"

"ಗಣ್ಣು ನೋಡು, ಗರಿ ಹೆಂಗ ದಂಟು ತಬ್ಬಿಕೊಂಡೈತಿ ನೋಡು. ತೆನಿಯಾಗ ಜೋಡಿ ಕಾಳು: ಒಂದಕ್ಕ ಕಾಲೈತಿ, ಒಂದಕ್ಕ ಇಲ್ಲ. ಜ್ವಾಳದ್ದೂ ಹಿಂಗಾ ಇರ್ತೈತಿ."

ಊರಿಗೆ ಬಂದ ಮೇಲೆ ಪುಸ್ತಕ ತೆಗೆದು ನೋಡಿದೆ. ಅವನು ಹೇಳಿದ್ದು ಅಕ್ಷರಶಃ ನಿಜ. ಪಶ್ಚಿಮಘಟ್ಟದ ಎತ್ತರದ ಹುಲ್ಲುಗಾವಲುಗಳಲ್ಲಿ ಹೆಚ್ಚಾಗಿ ಬೆಳೆಯುವ ಹುಲ್ಲುಗಳೂ ನಮ್ಮ ಜೋಳವೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಬುಡಕಟ್ಟಿಗೆ ಸೇರಿದವು. ಕಬ್ಬು, ಗೋವಿನಜೋಳ, ಲಾವಂಚವೂ ಅದೇ ಬುಡಕಟ್ಟು. ಒಂದೊಂದು ಚಿಕ್ಕ ತೆನೆಕಾಳಿಗೂ ಜೋಡಿ ಇರುವುದು, ಅದರಲ್ಲಿ ಒಂದಕ್ಕೆ ತೊಟ್ಟು ಇರುವುದು, ಇನ್ನೊಂದಕ್ಕೆ ಇಲ್ಲದಿರುವುದು, ಆ ಬುಡಕಟ್ಟಿನ ಗುರುತು. ನನ್ನ ಗೆಳೆಯ ಹತ್ತನೆಯತ್ತೆಯಲ್ಲಿ ಎರಡು ಸಲ ಡುಮ್ಕಿ ಹೊಡೆದವನು.

ಅಲ್ಲಿ ಮರ ಯಾಕಿಲ್ಲ? ಹಿಮಾಲಯದಲ್ಲಾದರೆ ಚಳಿ, ಮರ ಬೆಳೆಯುವಷ್ಟು ಬೆಚ್ಚಗಿನ ದಿನಗಳೇ ವರ್ಷದಲ್ಲಿ ಸಾಲುವುದಿಲ್ಲ. ಕುದುರೆಮುಖ ಎರಡು ಸಾವಿರ ಮೀಟರ್ ಕೂಡ ಇಲ್ಲ. ಇಲ್ಲಿ ಹಿಮ ಬೀಳುವುದಿಲ್ಲ. ಇಲ್ಲಿನ ಕಾರಣಗಳು ಬೇರೆ. ಬೆನ್ನೇಣಿನ ಮೇಲೆ ಮಣ್ಣು ತೆಳು, ಗೇಣು ತೋಡಿದರೆ ಬಂಡೆ. ಮುಂಗಾರಿನ ನಾಲ್ಕು ತಿಂಗಳು ಗಾಳಿ ಎಂಥ ಮರವನ್ನೂ ತಲೆ ಎತ್ತಗೊಡುವುದಿಲ್ಲ. ಬೇಸಿಗೆಯಲ್ಲಿ ಒಣಗಿದ ಕರಡಕ್ಕೆ ಬೆಂಕಿ ಬೀಳುತ್ತದೆ. ಮರದ ಸಸಿ ಸತ್ತರೂ ಹುಲ್ಲಿನ ಬುಡ ಮಣ್ಣಿನೊಳಗೆ ಬದುಕಿ ಮತ್ತೆ ಚಿಗುರುತ್ತದೆ. ದನ ಮೇಯಿಸಿದವರ, ಬೆಂಕಿ ಇಟ್ಟವರ ಕೈಯೂ ಇದರಲ್ಲಿದೆ. ಹಾಗೆಂದು ಇದೆಲ್ಲ ಮನುಷ್ಯ ಕಾಡು ಕಡಿದು ಮಾಡಿದ ಬೋಳು ಎಂದುಕೊಳ್ಳಬಾರದು. ಇಂಥದೇ ಹುಲ್ಲು-ಶೋಲಾಗಳಿರುವ ನೀಲಗಿರಿಯ ಜವುಗು ನೆಲದಲ್ಲಿ, ಪದರಪದರವಾಗಿ ಕೂತ ಹಳೆಯ ಸಸ್ಯಗಳ ಇಂಗಾಲವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ಗಾಳಿಯಿಂದ ಇಂಗಾಲ ಹಿಡಿಯುವ ರೀತಿ ಮರಕ್ಕೆ ಒಂದು ಬಗೆ, ಜೋಳದ ಬುಡಕಟ್ಟಿನ ಹುಲ್ಲಿಗೆ ಇನ್ನೊಂದು ಬಗೆ. ಸತ್ತು ಸಾವಿರಾರು ವರ್ಷವಾದರೂ ಆ ಗುರುತು ಅಳಿಸುವುದಿಲ್ಲ. ಅವರು ಓದಿದ್ದು ಸುಮಾರು 20 ಸಾವಿರ ವರ್ಷಗಳ ಕತೆ. ಹವೆ ಒಣಗಿದಾಗ ಹುಲ್ಲು ಹಬ್ಬಿದೆ; ಮಳೆ ಹೆಚ್ಚಿದಾಗ ಕಾಡು ಮೇಲೇರಿದೆ. ನೀಲಗಿರಿಯಲ್ಲಿ ಯಾರೂ ನೇಗಿಲು ಹಿಡಿಯುವ ಮೊದಲೇ ಹುಲ್ಲಿತ್ತು.

ರಾಣೆಬೆನ್ನೂರಿನಲ್ಲಿ ಗೆಳೆಯ ಕೇಳಿದ ಪ್ರಶ್ನೆಗೆ ಉತ್ತರ ಈ ಗುಡ್ಡದ ಮೇಲೆ ಸಿಕ್ಕಿತು. ಮರ ಇಲ್ಲದ ನೆಲವೆಲ್ಲ ಪಾಳುನೆಲವಲ್ಲ. ಹುಲ್ಲಿನ ನೆಲಕ್ಕೆ ಹುಲ್ಲೇ ಕಾಡು.

ಆ ಹುಲ್ಲು ಮಾಡುವ ಕೆಲಸ ನೋಡಿ. ಸಾವಿರಾರು ಮಿಲಿಮೀಟರ್ ಮಳೆ ಬರಿಮಣ್ಣಿನ ಮೇಲೆ ಬಿದ್ದರೆ ಒಂದೇ ಮಳೆಗಾಲಕ್ಕೆ ಗುಡ್ಡ ಕರಗಿ ಕೆಳಗಿಳಿಯುತ್ತದೆ. ಹುಲ್ಲಿನ ಗರಿ ಹನಿಯ ಹೊಡೆತ ತಾಳಿಕೊಳ್ಳುತ್ತದೆ, ಒತ್ತಾದ ಬೇರು ಮಣ್ಣನ್ನು ಬಿಗಿಹಿಡಿದು ನೀರನ್ನು ಒಳಕ್ಕೆ ಬಿಡುತ್ತದೆ. ಆ ನೀರು ಬಂಡೆಯ ಮೇಲೆ ಮೆಲ್ಲಗೆ ಜಿನುಗುತ್ತ ಮಡಿಕೆಯಲ್ಲಿನ ಶೋಲಾ ಕಾಡಿಗೆ ಬರುತ್ತದೆ. ಶೋಲಾ ಅದನ್ನು ನೆರಳಲ್ಲಿಟ್ಟು ಬೇಸಿಗೆಯಲ್ಲೂ ಸ್ವಲ್ಪಸ್ವಲ್ಪ ಬಿಡುತ್ತದೆ. ನಾನು ಬಿದ್ದ ಹಳ್ಳ ಅದೇ. ಅಂಥ ಹಳ್ಳಗಳು ಕೂಡಿ ಭದ್ರೆ. ತುಂಗೆ, ಭದ್ರೆ ಎರಡೂ ಹುಟ್ಟುವ ಗಂಗಾಮೂಲ ಇದೇ ಬೆಟ್ಟಸಾಲಿನಲ್ಲಿದೆ. ಪಡುವಣ ಮಗ್ಗುಲಿನ ನೀರು ನೇತ್ರಾವತಿಯಾಗಿ ಮಂಗಳೂರಿಗೆ. ಧಾರವಾಡದಲ್ಲಿಯೂ ಹಾಗೇ ತಾನೆ? ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ ಬೇಡ್ತಿಯ ಕೂಡ ಪಡುವಣ ಸಮುದ್ರಕ್ಕೆ ಹೋದರೆ, ನವಲಗುಂದದ ಕಡೆಯ ನೀರು ಬೆಣ್ಣಿಹಳ್ಳ ಹಿಡಿದು ಮಲಪ್ರಭೆಗೆ, ಕೃಷ್ಣೆಗೆ, ಮೂಡಣ ಸಮುದ್ರಕ್ಕೆ. ಹುಬ್ಬಳ್ಳಿ-ಧಾರವಾಡದ ನಲ್ಲಿಯ ನೀರು ಸವದತ್ತಿಯ ಅಣೆಕಟ್ಟಿನಿಂದ ಬರುತ್ತದೆಂದು ನಮಗೆ ಗೊತ್ತು. ಆ ಮಲಪ್ರಭೆಯ ತವರು ಕಣಕುಂಬಿಯೂ ಇದೇ ಪಶ್ಚಿಮಘಟ್ಟದ ಬೆನ್ನ ಮೇಲೆಯೇ ಇದೆ.

ಮರ ಮುಗಿದ ಮೇಲಿನ ದಾರಿ ಸುಲಭವೆಂದುಕೊಳ್ಳಬೇಡಿ. ಕಾಡಿನಲ್ಲಿ ಇಂಬಳವಿದ್ದರೂ ನೆರಳಿತ್ತು. ಇಲ್ಲಿ ಬಿಸಿಲು ನೆತ್ತಿಯ ಮೇಲೆ, ಗಾಳಿ ಎದೆಗೆ. ಒಂದು ಏರು ಮುಗಿಯಿತು ಎನ್ನುವಾಗ ಅದರ ಹಿಂದೆ ಇನ್ನೊಂದು ನಿಂತಿರುತ್ತದೆ. "ಇನ್ನೆಷ್ಟು ದೂರ?" ಎಂದರೆ ಹುಡುಗನದು ಒಂದೇ ಉತ್ತರ: "ಇಲ್ಲೇ ಮಾರಾಯ್ರೆ, ಹತ್ತು ನಿಮಿಷ." ಆ ಹತ್ತು ನಿಮಿಷ ಎರಡು ತಾಸು ನಡೆಯಿತು. ಗೆಳೆಯ ಹೊಸದಾಗಿ ಕೊಂಡ ಬೂಟಿನ ಅಟ್ಟೆ ಆ ಏರಿನಲ್ಲೇ ಬಾಯಿ ಬಿಟ್ಟಿತು. ವಲ್ಲಿ ಹರಿದು ಕಟ್ಟಿ ನೋಡಿದ, ನಿಲ್ಲಲಿಲ್ಲ. ಕೊನೆಗೆ ಬೂಟು ಬಿಚ್ಚಿ ಚೀಲಕ್ಕೆ ಹಾಕಿ ಬರಿಗಾಲಿನಲ್ಲೇ ಹೊರಟ. "ಎರಿಯಾಗ ಅಡ್ಡಾಡಿದ ಕಾಲಿದು, ನಿನ್ನ ಗುಡ್ಡ ಏನ್ ಮಾಡ್ತೈತಿ?" ಎಂದು ನನಗಿಂತ ಮುಂದಾದ.

ಶಿಖರದ ಕೆಳಗೆ ಹಳೆಯ ಕಲ್ಲುಗೋಡೆಗಳ ಪಾಳುಕಟ್ಟಡವಿದೆ, ಇಗರ್ಜಿಯಾಗಿತ್ತೆಂದು ಹೇಳುತ್ತಾರೆ. ಅಲ್ಲಿ ಗೋಡೆಗೆ ಒರಗಿ ರೊಟ್ಟಿ ಬಿಚ್ಚಿದೆವು. ಜೋಳದ ರೊಟ್ಟಿಯನ್ನು ಜೋಳದ ದಾಯಾದಿಗಳ ನಡುವೆ ಕೂತು ತಿಂದದ್ದು ಅದೇ ಮೊದಲು. ಹುಡುಗನಿಗೆ ಕಡಕ್ ರೊಟ್ಟಿ ಮುರಿಯುವ ಸದ್ದೇ ಹಿಡಿಸಿಬಿಟ್ಟಿತು.

ಅಲ್ಲಿಂದ ತುದಿಗೆ ಇನ್ನು ಸ್ವಲ್ಪ. ತುದಿಯಲ್ಲಿ ಪಡುವಣ ದಿಕ್ಕಿಗೆ ನೆಲವೇ ಕಡಿದುಹೋಗಿದೆ. ಕೆಳಗೆ ದಕ್ಷಿಣ ಕನ್ನಡದ ಕಾಡು. ಮೋಡವಿಲ್ಲದ ದಿನ ಸಮುದ್ರ ಕಾಣುತ್ತದಂತೆ. ನಮಗೆ ಕಂಡದ್ದು ಬೆಳ್ಳಗಿನ ಮೋಡದ ಗೋಡೆ. ಆದರೆ ಕಾಲಡಿಯ ಕಲ್ಲು ಕಂಡಿತು, ಅದರ ಬಗ್ಗೆ ನಿಮಗೆ ಒಂದು ಮಾತು ಹೇಳಬೇಕು.

1880ರ ದಶಕದಲ್ಲಿ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಎಂಬ ಅಧಿಕಾರಿ ನಮ್ಮ ಸೀಮೆಯಲ್ಲಿ ಅಡ್ಡಾಡಿ, ಇಲ್ಲಿನ ಒಂದು ಪ್ರಾಚೀನ ಶಿಲಾಸಾಲನ್ನು ಗುರುತಿಸಿ, ಅದಕ್ಕೆ ಧಾರವಾಡ ಎಂದು ಹೆಸರಿಟ್ಟ. ಇಂದಿಗೂ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ನಮ್ಮೂರ ಹೆಸರು ಪೇಡೆಯಿಂದಲ್ಲ, ಕಲ್ಲಿನಿಂದ ಉಳಿದಿದೆ. 250 ಕೋಟಿ ವರ್ಷಕ್ಕಿಂತ ಹಳೆಯ ಈ ಧಾರವಾಡ ಶಿಲೆಗಳು ಬರೀ ಧಾರವಾಡದಲ್ಲಿಲ್ಲ. ಚಿತ್ರದುರ್ಗ, ಬಾಬಾಬುಡನ್, ಕುದುರೆಮುಖಗಳವರೆಗೆ ಹರಡಿವೆ. ಆ ಕಲ್ಲಿನ ಪಟ್ಟೆಗಳಲ್ಲಿ ಕಬ್ಬಿಣ ಇತ್ತು. ಅದಕ್ಕಾಗಿಯೇ 1976ರಲ್ಲಿ ಕುದುರೆಮುಖ ಅದಿರು ಕಂಪನಿ ಹುಟ್ಟಿತು. ಗುಡ್ಡ ಅಗೆದು, ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಕಳಿಸುತ್ತಿದ್ದರು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ನಿಲ್ಲುತ್ತಿತ್ತು. ಸಾವಿರಾರು ಮನೆಗಳಿಗೆ ಅದು ಅನ್ನ ಕೊಟ್ಟಿತು. ಭದ್ರೆಗೆ ಕೆಂಪು ಹೂಳನ್ನೂ ಕೊಟ್ಟಿತು. ಇತ್ತ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಎಂಬತ್ತರ ದಶಕದಲ್ಲಿ ಇಲ್ಲಿನ ಸಿಂಗಳೀಕಗಳನ್ನು ಅಧ್ಯಯನ ಮಾಡಿದ್ದರು. 1987ರಲ್ಲಿ ಈ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಕೊನೆಗೆ ಗಣಿ ನಿಲ್ಲಿಸಬೇಕೆಂದು 2002ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು; 2005ರ ಕೊನೆಯ ದಿನಕ್ಕೆ ಗಣಿ ನಿಂತಿತು. ಒಂದು ಗುಡ್ಡದಿಂದ ಕಬ್ಬಿಣವನ್ನು ಒಂದು ಸಲ ಮಾತ್ರ ತೆಗೆಯಬಹುದು, ನೀರನ್ನು ಪ್ರತಿವರ್ಷ ತೆಗೆಯಬಹುದು. ಕೋರ್ಟಿನ ಕಾಗದಗಳನ್ನೆಲ್ಲ ನಾನು ಓದಿಲ್ಲ. ಮಾಸ್ತರನ ಗಣಿತಕ್ಕೆ ಇಷ್ಟು ಸಾಕು.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಹತ್ತುವಾಗ ಎದೆ ಬೇಡುತ್ತದೆ, ಇಳಿಯುವಾಗ ಮೊಣಕಾಲು ಬೇಡುತ್ತದೆ. ನನ್ನ ವಯಸ್ಸಿನವರು ಹೋಗುವುದಾದರೆ ಕೈಯಲ್ಲಿ ಒಂದು ಬಡಿಗೆ ಇರಲಿ. ಅದು ಮೂರನೆಯ ಕಾಲು. ಹೊರಡುವ ಒಂದು ತಿಂಗಳು ಮುಂಚೆ ನೃಪತುಂಗ ಬೆಟ್ಟವನ್ನು ದಿನಾ ಎರಡು ಸಲ ಹತ್ತಿ ಇಳಿಯಿರಿ. ಹೊಸ ಬೂಟು ಹಾಕಿಕೊಂಡು ಹೋಗಬೇಡಿ, ಪಳಗಿದ್ದು ಹಾಕಿ. ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತನ್ನಿ. ಬೀಡಿ, ಸಿಗರೇಟು, ಕಡ್ಡಿಪೆಟ್ಟಿಗೆ ಮನೆಯಲ್ಲೇ ಬಿಡಿ. ಒಣಗಿದ ಕರಡ ಒಂದು ಕಿಡಿಗೆ ಕಾದುಕೊಂಡಿರುತ್ತದೆ.

ಇಳಿಯುವಾಗ ಗೆಳೆಯ ಒಂದು ತೆನೆ ಮುರಿದು ಕಿಸೆಗೆ ಹಾಕಿಕೊಳ್ಳಲು ಹೋದ. ಹುಡುಗ ತಡೆದ. "ಇಲ್ಲಿಂದ ಎಂತದೂ ತಗೊಂಡು ಹೋಗ್ಲಿಕ್ಕಿಲ್ಲ. ಹುಲ್ಲೂ ಇಲ್ಲ." ಗೆಳೆಯ ಕೈ ಹಿಂದೆ ತೆಗೆದ. ಒಂದು ಕಾಳು ಜೋಳವನ್ನೂ ಕಣದಲ್ಲಿ ಬಿಡದ ಮನುಷ್ಯನಿಗೆ ಅದು ಸ್ವಲ್ಪ ಕಷ್ಟವೇ ಆಯಿತು. ಸಂಜೆ ಐದರ ಸುಮಾರಿಗೆ ಮುಳ್ಳೋಡಿ ಮುಟ್ಟಿದೆವು. ಬರಿಗಾಲಿನವನು ಮೊದಲು ಬಂದು ಚಹಾ ಹೇಳಿದ್ದ.

ಧಾರವಾಡಕ್ಕೆ ಮರಳಿದ ಮರುದಿನ, ಕಾಲುಚೀಲ ನೀರಿಗೆ ಹಾಕುವ ಮೊದಲು ಝಾಡಿಸಿದೆ. ನಾಲ್ಕೈದು ಹುಲ್ಲಿನ ಬೀಜ ಅದರ ನೂಲಿಗೆ ಚುಚ್ಚಿಕೊಂಡು ಉಳಿದಿದ್ದವು. ಬುಡದಲ್ಲಿ ಮೊನಚು, ಹಿಂದೆ ಉದ್ದನೆಯ ಬಾಲ. ಬಾಲ ಹಗ್ಗದಂತೆ ಹೊಸೆದುಕೊಂಡಿತ್ತು. ಮೇಜಿನ ಮೇಲಿಟ್ಟು ಒಂದು ಹನಿ ನೀರು ಬಿಟ್ಟೆ. ಬಾಲ ಮೆಲ್ಲಗೆ ಬಿಚ್ಚಿಕೊಳ್ಳುತ್ತ ತಿರುಗತೊಡಗಿತು. ಒಣಗಿದಾಗ ಮತ್ತೆ ಹೊಸೆಯಿತು. ಹೀಗೆ ತೋಯುತ್ತ, ಒಣಗುತ್ತ, ತಿರುಪಿನಂತೆ ತಿರುಗಿ ಬೀಜ ತನ್ನನ್ನು ತಾನೇ ಮಣ್ಣಿಗೆ ಬಿತ್ತಿಕೊಳ್ಳುತ್ತದೆ. ಅದಕ್ಕೆ ಕೂರಿಗಿಯೂ ಬೇಡ, ಎತ್ತೂ ಬೇಡ.

ಗೆಳೆಯನಿಗೆ ಫೋನು ಮಾಡಿದೆ. "ನೀ ತರಬೇಕಂತಿದ್ದಿಲ್ಲ, ಅವು ತಾವಾ ಬಂದಾವ. ನಿನ್ನ ಬದುವಿಗೆ ಹಾಕ್ತೀಯೇನು?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಹೋದ ವರ್ಷ ಅವನು ಹೊಲದ ಅಂಚಿನ ಬದುವನ್ನು ಟ್ರ್ಯಾಕ್ಟರಿನಿಂದ ಉತ್ತು ಎರಡು ಸಾಲು ಹೆಚ್ಚು ಬಿತ್ತಿದ್ದ. ಅದಕ್ಕೂ ಮುಂಚೆ ಪ್ರತಿ ಬೇಸಿಗೆ ಬದುವಿನ ಹುಲ್ಲಿಗೆ ಬೆಂಕಿ ಇಡುತ್ತಿದ್ದ.

"ಬ್ಯಾಡ ಮಾಸ್ತರ," ಅಂದ. "ಅಲ್ಲೀದು ಅಲ್ಲೇ ಚಂದ. ನಮ್ಮ ಬದುವಿನಾಗ ಇದರ ಅಣ್ಣತಮ್ಮರು ಇದ್ರು. ಈ ವರ್ಷ ನಾ ಅಲ್ಲಿ ಕೈಹಚ್ಚಂಗಿಲ್ಲ. ಅವೂ ತಾವಾ ಬರ್ತಾವ."